ತೂಕದ ಚೀಟಿಯ ಕೆಲಸಕ್ಕೆ ಮರಳಿದ ಗುಮಾಸ್ತ: ಸ್ಕಿಜೋಫ್ರೇನಿಯಾದಲ್ಲಿ ಗಮನ ತರಬೇತಿಯ ಒಂದು ಪ್ರಕರಣ

ದಾವಣಗೆರೆಯ ಒಂದು ಹಗಲು ಪುನರ್ವಸತಿ ಕೇಂದ್ರದಲ್ಲಿ ಚಿಕಿತ್ಸಾ ಮನೋವಿಜ್ಞಾನಿಯಾಗಿ ನಾನು ಕಂಡ ಪ್ರಕರಣ ಇದು. ಹೆಸರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಗುರುತು ಹತ್ತಬಹುದಾದ ಕೆಲವು ಸಂಗತಿಗಳನ್ನು ಬಿಟ್ಟಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆಯೂ ಮನೆಯವರ ಒಪ್ಪಿಗೆಯೂ ಇದೆ. ಅವರನ್ನು ಇಲ್ಲಿ ರುದ್ರೇಶ್ ಎಂದು ಕರೆಯುತ್ತೇನೆ.

ಹಿನ್ನೆಲೆ

ರುದ್ರೇಶ್ ಅವರಿಗೆ ಈಗ 31 ವರ್ಷ. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಹಳ್ಳಿಯವರು. ಇರುವ ಸ್ವಲ್ಪ ಗದ್ದೆಯನ್ನು ಅಣ್ಣ ನೋಡಿಕೊಳ್ಳುತ್ತಾರೆ. ಪಿಯುಸಿಯಲ್ಲಿ ವಾಣಿಜ್ಯ ಓದಿದ ರುದ್ರೇಶ್ ಎಪಿಎಂಸಿ ಪ್ರಾಂಗಣದ ಒಂದು ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಹಮಾಲರು ಚೀಲವನ್ನು ಕಾಟಾದ ಮೇಲೆ ಇಟ್ಟು ತೂಕ ಕೂಗುತ್ತಾರೆ, ಗುಮಾಸ್ತ ಅದನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ. ಹೊರಗಿನವರಿಗೆ ಹಗುರವಾಗಿ ಕಾಣುವ ಕೆಲಸ. ಆದರೆ ಮೆಕ್ಕೆಜೋಳದ ಹಂಗಾಮಿನಲ್ಲಿ ಸುತ್ತ ಲಾರಿಗಳ ಸದ್ದು, ಪಕ್ಕದ ಅಂಗಡಿಯ ಕೂಗು, ಮೂಗಿಗೆ ಏರುವ ದೂಳು, ಬೆನ್ನಿಗೆ ನಿಂತು ಚೀಟಿಯನ್ನೇ ನೋಡುತ್ತಿರುವ ರೈತ. ಒಂದು ಅಂಕಿ ತಪ್ಪಿದರೆ ಅದು ಯಾರದೋ ಆರು ತಿಂಗಳ ಬೆವರಿನ ಲೆಕ್ಕ.

ಕಾಯಿಲೆ ಶುರುವಾಗಿದ್ದು 22ನೇ ವಯಸ್ಸಿನಲ್ಲಿ. ಹಮಾಲರು ತನ್ನ ಬಗ್ಗೆಯೇ ಪಿಸುಗುಟ್ಟುತ್ತಿದ್ದಾರೆ ಎಂಬ ಅನುಮಾನ, ಆಮೇಲೆ ಯಾರೂ ಇಲ್ಲದ ಕಡೆಯಿಂದ ಕೇಳುವ ಬೈಗುಳ, ನಿದ್ದೆಯಿಲ್ಲದ ರಾತ್ರಿಗಳು. ಮನೆಯವರು ಮೊದಲು ದೇವರು, ಹರಕೆ, ತಾಯಿತ ಎಂದು ಓಡಾಡಿದರು. ಅವರನ್ನು ದೂಷಿಸಲು ನನಗೆ ಮನಸ್ಸಿಲ್ಲ, ಕಂಡ ಬಾಗಿಲುಗಳನ್ನೆಲ್ಲ ತಟ್ಟಿದ್ದರು ಅಷ್ಟೆ. ಸುಮಾರು ಒಂದು ವರ್ಷ ಕಳೆದ ಮೇಲೆ ಮನೋವೈದ್ಯರ ಬಳಿ ಬಂದರು. ಸ್ಕಿಜೋಫ್ರೇನಿಯಾ ಎಂದು ರೋಗನಿರ್ಣಯವಾಯಿತು. ರಿಸ್ಪೆರಿಡೋನ್ ಮಾತ್ರೆಯಿಂದ ಧ್ವನಿಗಳು ಕಡಿಮೆಯಾದವು. ಎರಡು ವರ್ಷದ ನಂತರ ಗುಣವಾಯಿತೆಂದು ಮಾತ್ರೆ ಬಿಟ್ಟರು, ಕಾಯಿಲೆ ಮರುಕಳಿಸಿತು. ಅಲ್ಲಿಂದ ಈಚೆಗೆ ಮಾತ್ರೆ ತಪ್ಪಿಸಿಲ್ಲ.

ಧ್ವನಿ ಹೋಯಿತು, ಕೆಲಸ ಬರಲಿಲ್ಲ

ನಮ್ಮಲ್ಲಿಗೆ ಬಂದಾಗ ಧ್ವನಿಗಳು ನಿಂತು ಎರಡು ವರ್ಷವಾಗಿತ್ತು. ಮನೆಯಲ್ಲಿ ಜಗಳವಿಲ್ಲ, ಅನುಮಾನವಿಲ್ಲ. ಹಳೆಯ ಸಾಹುಕಾರರು ದೊಡ್ಡ ಮನಸ್ಸು ಮಾಡಿ ಮತ್ತೆ ಅಂಗಡಿಗೆ ಕರೆದಿದ್ದರು. ಒಂದು ವಾರದೊಳಗೆ ರುದ್ರೇಶ್ ಮನೆಗೆ ಮರಳಿದ್ದರು. ಒಂದು ಚೀಲದ ತೂಕವನ್ನು ಮುಂದಿನ ಚೀಲದ ಎದುರು ಬರೆದಿದ್ದರು, ಅಲ್ಲಿಂದ ಇಡೀ ಪಟ್ಟಿ ಒಂದೊಂದು ಸಾಲು ಕೆಳಗೆ ಜಾರಿತ್ತು. ಕೊನೆಯಲ್ಲಿ ಚೀಲದ ಎಣಿಕೆ ಕೂಡದೆ ರೈತ ರೇಗಿದ, ಸಾಹುಕಾರರು ತಲೆ ತಗ್ಗಿಸಬೇಕಾಯಿತು.

ಮನೆಯಲ್ಲಿ ಇದಕ್ಕೆ ಇಟ್ಟ ಹೆಸರು ಮೈಗಳ್ಳತನ. ‘ಹುಚ್ಚು ಬಿಟ್ಟಿತು, ಸೋಮಾರಿತನ ಹಿಡಿಯಿತು’ ಎಂದು ತಂದೆ ನನ್ನ ಎದುರೇ ಹೇಳಿದರು. ರುದ್ರೇಶ್ ತಲೆ ಎತ್ತಲಿಲ್ಲ. ತಂದೆ ಎದ್ದು ಹೊರಗೆ ಹೋದ ಮೇಲೆ ರುದ್ರೇಶ್ ಹೇಳಿದರು: ‘ಕೇಳಿಸುತ್ತದೆ ಮೇಡಂ. ಅದನ್ನು ಹಿಡಿದು ಬರೆಯುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಹಿಂದಿನದೂ ಹೋಗಿರುತ್ತದೆ.’

ಈ ಕಾಯಿಲೆಯಲ್ಲಿ ಗಮನ ಸೋಲುವುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದವರನ್ನು ನಾನು ಕಂಡಿಲ್ಲ. ಇದು ಹೊಸ ಸಂಗತಿಯೂ ಅಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಈ ಕಾಯಿಲೆಯನ್ನು ಮೊದಲು ವ್ಯವಸ್ಥಿತವಾಗಿ ವಿವರಿಸಿದ ಜರ್ಮನಿಯ ಎಮಿಲ್ ಕ್ರೇಪೆಲಿನ್ ರೋಗಿಗಳ ಗಮನ ಒಂದು ಕಡೆ ನಿಲ್ಲದಿರುವುದನ್ನು ಗುರುತಿಸಿದ್ದರು. ಧ್ವನಿ, ಭ್ರಮೆಗಳು ಕಣ್ಣಿಗೆ ಬೀಳುತ್ತವೆ, ಅವುಗಳಿಗೆ ಔಷಧವಿದೆ. ಗಮನ, ನೆನಪು, ಯೋಚನೆಯ ವೇಗ ಕುಗ್ಗುವುದು ಯಾರಿಗೂ ಕಾಣುವುದಿಲ್ಲ, ಈಗಿರುವ ಔಷಧಗಳು ಅವುಗಳನ್ನು ಹೆಚ್ಚೇನೂ ಸರಿಪಡಿಸುವುದಿಲ್ಲ. ಆದರೆ ಮನುಷ್ಯ ಮತ್ತೆ ದುಡಿಯುತ್ತಾನೆಯೇ, ತನ್ನ ದಿನವನ್ನು ತಾನೇ ನಡೆಸುತ್ತಾನೆಯೇ ಎಂಬುದು ಬಹುಮಟ್ಟಿಗೆ ಇವುಗಳ ಮೇಲೆಯೇ ನಿಂತಿದೆ.

ಏನನ್ನು ಅಳೆದೆವು

ತರಬೇತಿಗೆ ಕೂರಿಸುವ ಮೊದಲು ಬೇರೆ ಕಾರಣಗಳನ್ನು ತಳ್ಳಿಹಾಕಬೇಕಿತ್ತು. ಧ್ವನಿಗಳು ಗುಟ್ಟಾಗಿ ಮುಂದುವರಿದಿವೆಯೇ? ಖಿನ್ನತೆ ಇದೆಯೇ? ಥೈರಾಯ್ಡ್ ಸರಿ ಇದೆಯೇ, ಕಿವಿ ಸರಿ ಇದೆಯೇ, ಕಣ್ಣು ಸರಿ ಇದೆಯೇ? ಹತ್ತಿರದ ಅಕ್ಷರ ಮಂಜಾಗುತ್ತದೆ ಎಂದು ಅವರು ಹೇಳಿದ್ದರಿಂದ ಕಣ್ಣಿನ ಪರೀಕ್ಷೆ ಮಾಡಿಸಿದೆವು. ಕನ್ನಡಕದ ಅಗತ್ಯವಿಲ್ಲ ಎಂದರು. ಆ ಮಂಜಿನ ಮಾತು ಮುಂದೆ ಮತ್ತೆ ಬರುತ್ತದೆ.

ಅಂಕಿಗಳನ್ನು ಕೇಳಿ ಹಾಗೆಯೇ ಹೇಳುವುದರಲ್ಲಿ ಐದರವರೆಗೆ ಹೋದರು, ಹಿಂದುಮುಂದಾಗಿ ಹೇಳುವುದರಲ್ಲಿ ಮೂರಕ್ಕೆ ನಿಂತರು. ಕಂಪ್ಯೂಟರಿನ ಮೇಲೆ ಒಂದೊಂದೇ ಅಕ್ಷರ ಬರುತ್ತ ಹೋಗುವಾಗ ಗೊತ್ತುಪಡಿಸಿದ ಅಕ್ಷರಕ್ಕೆ ಮಾತ್ರ ಗುಂಡಿ ಒತ್ತುವ ಪರೀಕ್ಷೆಯಲ್ಲಿ ಕುತೂಹಲದ ಸಂಗತಿ ಕಂಡಿತು. ಮೊದಲ ಮೂರು ನಾಲ್ಕು ನಿಮಿಷ ಅವರು ಬಹುತೇಕ ಎಲ್ಲರಂತೆಯೇ ಮಾಡಿದರು. ಅನಂತರ ಒಂದರ ಮೇಲೊಂದು ತಪ್ಪಿಹೋಗತೊಡಗಿದವು. ಪಕ್ಕದ ಕೋಣೆಯಲ್ಲಿ ರೇಡಿಯೊ ಹಾಕಿ ಇನ್ನೊಮ್ಮೆ ಮಾಡಿಸಿದಾಗ ಮೊದಲ ನಿಮಿಷದಿಂದಲೇ ತಪ್ಪುಗಳು.

ಗಮನ ಎಂದರೆ ಒಂದೇ ಸಾಮರ್ಥ್ಯವಲ್ಲ. ಮಿದುಳಿಗೆ ಪೆಟ್ಟು ಬಿದ್ದವರಿಗಾಗಿ ಅಮೆರಿಕದಲ್ಲಿ 1987ರಲ್ಲಿ ಗಮನ ತರಬೇತಿಯ ಕ್ರಮವೊಂದನ್ನು ಪ್ರಕಟಿಸಿದ ಸೋಲ್‌ಬರ್ಗ್ ಮತ್ತು ಮಟೀರ್ ಅದನ್ನು ಬಿಡಿಸಿ ತೋರಿಸಿದರು: ಬಹಳ ಹೊತ್ತು ಹಿಡಿದಿಡುವುದು, ಗದ್ದಲದಲ್ಲಿ ಬೇಕಾದ್ದನ್ನಷ್ಟೇ ಆರಿಸಿಕೊಳ್ಳುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದು, ಎರಡಕ್ಕೆ ಏಕಕಾಲದಲ್ಲಿ ಹಂಚುವುದು. ರುದ್ರೇಶ್ ಮೊದಲ ಎರಡರಲ್ಲಿ ಸೋಲುತ್ತಿದ್ದರು, ನಾಲ್ಕನೆಯದು ಅವರಿಗೆ ಸಾಧ್ಯವೇ ಆಗುತ್ತಿರಲಿಲ್ಲ. ಮಂಡಿಯ ಕೆಲಸ ಈ ಮೂರನ್ನೂ ಬೇಡುತ್ತದೆ. ತಂದೆಯವರಿಗೆ ಈ ಫಲಿತಾಂಶದ ಹಾಳೆಯನ್ನೇ ತೋರಿಸಿದೆ. ಸೋಮಾರಿಯಾದವನು ಮೊದಲ ನಿಮಿಷದಿಂದಲೇ ಬಿಟ್ಟುಕೊಡುತ್ತಾನೆ, ನಿಮ್ಮ ಮಗ ನಾಲ್ಕು ನಿಮಿಷ ಸರಿಯಾಗಿ ಮಾಡಿ ಆಮೇಲೆ ಸೋತಿದ್ದಾರೆ ಎಂದೆ. ಅವರು ಉತ್ತರ ಕೊಡಲಿಲ್ಲ, ಹಾಳೆಯನ್ನು ಮಡಿಸಿ ಜೇಬಿನಲ್ಲಿ ಇಟ್ಟುಕೊಂಡರು.

ತರಬೇತಿಯ ಮೊದಲ ಹಂತ

ಇಂಥ ತರಬೇತಿಗೆ ಜರ್ಮನಿಯ ಕಾಗ್‌ಪ್ಯಾಕ್, ರೆಹಾಕಾಮ್‌ನಂತಹ ತಂತ್ರಾಂಶಗಳಿವೆ. ನಮ್ಮ ಕೈಗೆ ಎಟುಕಿದ್ದು ದಾನವಾಗಿ ಬಂದ ಹಳೆಯ ಕಂಪ್ಯೂಟರ್ ಮತ್ತು ಸರಳವಾದ ಕೆಲವು ಅಭ್ಯಾಸಗಳು: ಬಣ್ಣಕ್ಕೆ, ಅಂಕಿಗೆ, ಸದ್ದಿಗೆ ಗುಂಡಿ ಒತ್ತುವುದು, ಅಡ್ಡಿಗಳ ನಡುವೆ ಗುರಿಯನ್ನು ಹುಡುಕುವುದು, ಸಾಗುತ್ತಿರುವ ಸರಣಿಯಲ್ಲಿ ಎರಡು ಹಿಂದಿನದನ್ನು ನೆನಪಿಡುವುದು. ವಾರಕ್ಕೆ ಮೂರು ಸಲ, ಸಲಕ್ಕೆ ಮುಕ್ಕಾಲು ಗಂಟೆ, ಬೆಳಗಿನ ಹೊತ್ತು. ಹತ್ತರಲ್ಲಿ ಎಂಟು ಸರಿಯಾಗುವ ಮಟ್ಟದಲ್ಲಿಯೇ ಕಷ್ಟವನ್ನು ನಿಲ್ಲಿಸಿದೆವು. ಅದಕ್ಕಿಂತ ಹೆಚ್ಚು ಸರಿಯಾದರೆ ವೇಗ ಏರುತ್ತದೆ, ತಪ್ಪು ಹೆಚ್ಚಾದರೆ ಇಳಿಯುತ್ತದೆ. ವರ್ಷಗಟ್ಟಲೆ ತಪ್ಪುಗಳಿಗೆ ಬೈಸಿಕೊಂಡ ಮನುಷ್ಯನನ್ನು ಯಂತ್ರದ ಮುಂದೆ ಕೂರಿಸಿ ಮತ್ತೆ ಸೋಲಿಸುವುದರಲ್ಲಿ ಅರ್ಥವಿರಲಿಲ್ಲ.

ಮನೆಯಲ್ಲಿ ಬೇರೆಯೇ ಸುದ್ದಿ ಹರಡಿತು. ‘ಆಸ್ಪತ್ರೆಯಲ್ಲಿ ಕಂಪ್ಯೂಟರ್ ಆಟ ಆಡಿಸುತ್ತಾರಂತೆ’ ಎಂದು ಅಣ್ಣ ಬಸ್ಸಿನ ಹಣ ಕೊಡುವುದನ್ನು ನಿಲ್ಲಿಸಿದರು. ಅತ್ತಿಗೆ ತಮ್ಮ ಸ್ವಸಹಾಯ ಸಂಘದ ದುಡ್ಡಿನಿಂದ ಕೊಟ್ಟು ಕಳುಹಿಸಿದರು. ಈ ಪ್ರಕರಣದಲ್ಲಿ ಸದ್ದಿಲ್ಲದೆ ಅತಿ ದೊಡ್ಡ ಕೆಲಸ ಮಾಡಿದವರು ಆ ಹೆಣ್ಣುಮಗಳು. ಅಣ್ಣನನ್ನು ಒಂದು ದಿನ ಕೇಂದ್ರಕ್ಕೆ ಬರಹೇಳಿ, ತಮ್ಮ ಮಾಡುವ ಅಭ್ಯಾಸಕ್ಕೇ ಅವರನ್ನೂ ಕೂರಿಸಿದೆವು. ಹತ್ತು ನಿಮಿಷಕ್ಕೆ ಅವರು ಬೆವರು ಒರೆಸಿಕೊಂಡರು. ‘ತಮ್ಮಾ, ಇದನ್ನು ನೀನು ದಿನಾ ಮಾಡುತ್ತೀಯಾ?’ ಎಂದು ಕೇಳಿದರು. ಮರುದಿನದಿಂದ ಬಸ್ಸಿನ ಹಣದ ತಕರಾರು ಇರಲಿಲ್ಲ.

ಒಂದು ಸಣ್ಣ ಮಾತ್ರೆ

ಮೊದಲ ವಾರಗಳಲ್ಲಿ ಅಂಕಗಳು ಏರಿದವು, ಆಮೇಲೆ ನಿಂತುಬಿಟ್ಟವು. ತಿಂಗಳಾದರೂ ಅದೇ ಮೆಟ್ಟಿಲು. ರುದ್ರೇಶ್ ಬೇಸರಗೊಂಡಿದ್ದರು. ಅಭ್ಯಾಸದ ನಡುವೆ ಪದೇ ಪದೇ ನೀರು ಕುಡಿಯಲು ಏಳುತ್ತಿದ್ದರು, ಪರದೆಗೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

ಬಾಯಿ ಒಣಗುವುದು, ಹತ್ತಿರದ ದೃಷ್ಟಿ ಮಂಜಾಗುವುದು. ಇವೆರಡನ್ನು ಒಟ್ಟಿಗೆ ಕಂಡರೆ ಔಷಧದ ಚೀಟಿಯನ್ನು ಮತ್ತೊಮ್ಮೆ ಓದಬೇಕು. ರಿಸ್ಪೆರಿಡೋನ್‌ನಿಂದ ಕೈ ನಡುಕ, ಮೈ ಬಿಗಿತ ಬಾರದಿರಲೆಂದು ವರ್ಷಗಳ ಹಿಂದೆ ಸೇರಿಸಿದ್ದ ಟ್ರೈಹೆಕ್ಸಿಫೆನಿಡಿಲ್ ಹಾಗೆಯೇ ಮುಂದುವರಿದಿತ್ತು. ಮೈ ಬಿಗಿತಕ್ಕೆ ಇದು ಒಳ್ಳೆಯ ಮಾತ್ರೆ. ಆದರೆ ಅದು ತಡೆಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಮಿದುಳಿನಲ್ಲಿ ಗಮನಕ್ಕೂ ಹೊಸ ಕಲಿಕೆಗೂ ಬೇಕಾದದ್ದು. ರಕ್ತದಲ್ಲಿ ಇಂಥ ಔಷಧಗಳ ಪ್ರಭಾವ ಹೆಚ್ಚಿದ್ದಷ್ಟೂ ಕಂಪ್ಯೂಟರ್ ತರಬೇತಿಯಿಂದ ಸಿಗುವ ಲಾಭ ಕಡಿಮೆ ಎಂದು ಸೋಫಿಯಾ ವಿನೋಗ್ರಾದೊವ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದ್ದರು. ಕಲಿಸುವ ಕೈ ಒಂದು ಕಡೆ, ಅಳಿಸುವ ಕೈ ಇನ್ನೊಂದು ಕಡೆ.

ಮನೋವೈದ್ಯರಿಗೆ ಅಂಕಗಳ ಪಟ್ಟಿಯೊಂದಿಗೆ ಪತ್ರ ಬರೆದೆ. ಅವರು ಕೈಕಾಲುಗಳ ಬಿಗಿತವನ್ನು ಪರೀಕ್ಷಿಸಿ, ರಿಸ್ಪೆರಿಡೋನ್ ಮುಟ್ಟದೆ, ಟ್ರೈಹೆಕ್ಸಿಫೆನಿಡಿಲ್ ಅನ್ನು ವಾರಗಳ ಅಂತರದಲ್ಲಿ ಇಳಿಸಿದರು. ನಡುವೆ ಬೆರಳುಗಳು ಸ್ವಲ್ಪ ನಡುಗಿದವು, ಇಳಿಸುವುದನ್ನು ಕೆಲಕಾಲ ನಿಲ್ಲಿಸಿ ಮತ್ತೆ ಮುಂದುವರಿಸಿದರು. ಕೊನೆಗೆ ಆ ಮಾತ್ರೆಯ ಅಗತ್ಯವೇ ಉಳಿಯಲಿಲ್ಲ. ಓದುವವರ ಮನೆಯಲ್ಲಿ ಯಾರಾದರೂ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ದಯವಿಟ್ಟು ತಾವೇ ನಿಲ್ಲಿಸಬೇಡಿ. ಒಮ್ಮೆಲೇ ಬಿಟ್ಟರೆ ಬೇರೆ ತೊಂದರೆಗಳು ಬರುತ್ತವೆ, ಕೆಲವರಿಗೆ ಅದು ಬೇಕೇ ಬೇಕು. ‘ಇದು ಈಗಲೂ ಬೇಕೇ?’ ಎಂದು ವೈದ್ಯರನ್ನು ಕೇಳುವುದಕ್ಕೆ ಮಾತ್ರ ಹಿಂಜರಿಯಬೇಡಿ.

ಅಕ್ಷರಗಳ ಮಂಜು ಕರಗಿತು, ಅಂಕಗಳು ಮತ್ತೆ ಏರತೊಡಗಿದವು. ಎಷ್ಟು ಪಾಲು ಮಾತ್ರೆ ಬಿಟ್ಟಿದ್ದರಿಂದ, ಎಷ್ಟು ಪಾಲು ತರಬೇತಿಯಿಂದ ಎಂದು ಒಬ್ಬರ ಪ್ರಕರಣದಿಂದ ಬೇರ್ಪಡಿಸಲು ಬಾರದು. ಇಂದು ಯಾರನ್ನೇ ಆಗಲಿ ಪರದೆಯ ಮುಂದೆ ಕೂರಿಸುವ ಮೊದಲು ನಾನು ಔಷಧದ ಚೀಟಿಯನ್ನು ಸಾಲು ಸಾಲಾಗಿ ಓದುತ್ತೇನೆ.

ಪರದೆಯಿಂದ ಪ್ರಾಂಗಣಕ್ಕೆ

ಅಂಕಗಳು ಚೆನ್ನಾಗಿದ್ದವು. ಆದರೆ ಅತ್ತಿಗೆಯನ್ನು ಕೇಳಿದಾಗ ಸಿಕ್ಕ ಉತ್ತರ ಬೇರೆ: ‘ಒಲೆಯ ಮೇಲಿನ ಹಾಲು ನೋಡಿಕೋ ಎಂದರೆ ಇನ್ನೂ ಉಕ್ಕಿಸುತ್ತಾನೆ ಮೇಡಂ.’ ಪರದೆಯ ಮೇಲಿನ ಕೆಂಪು ಚೌಕವನ್ನು ಹಿಡಿಯಲು ಕಲಿತವರು ಪರದೆಯ ಮೇಲಿನ ಕೆಂಪು ಚೌಕವನ್ನು ಹಿಡಿಯುತ್ತಾರೆ, ಅಷ್ಟೇ. ಅದು ಅಡುಗೆಮನೆಗೂ ಮಂಡಿಗೂ ತಾನಾಗಿ ನಡೆದು ಹೋಗುವುದಿಲ್ಲ. ಈ ಕ್ಷೇತ್ರದ ದೊಡ್ಡ ಸಮೀಕ್ಷೆಗಳೂ ಇದನ್ನೇ ಹೇಳುತ್ತವೆ. ಟಿಲ್ ವೈಕ್ಸ್ ಮತ್ತು ಸಂಗಡಿಗರು 2011ರಲ್ಲಿ 40 ಅಧ್ಯಯನಗಳ 2,104 ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ತರಬೇತಿಯ ಜೊತೆಗೆ ಬೇರೆ ಪುನರ್ವಸತಿಯೂ ಸೇರಿ, ಕೆಲಸ ಮಾಡುವ ಉಪಾಯಗಳನ್ನೂ ಕಲಿಸಿದ ಕಡೆ ದಿನನಿತ್ಯದ ಬದುಕಿನಲ್ಲಿ ಹೆಚ್ಚು ಸುಧಾರಣೆ ಕಂಡಿತ್ತು. ಆಂಟೋನಿಯೊ ವಿಟಾ ಅವರ ತಂಡ 2021ರಲ್ಲಿ 130 ಅಧ್ಯಯನಗಳನ್ನು ನೋಡಿದಾಗಲೂ ಪಕ್ಕದಲ್ಲಿ ಸಕ್ರಿಯವಾಗಿ ತೊಡಗಿದ ಚಿಕಿತ್ಸಕರು ಇರುವುದು ಫಲಿತಾಂಶವನ್ನು ಹೆಚ್ಚಿಸಿತ್ತು. ಬರೀ ಯಂತ್ರ ಕೊಟ್ಟು ಹೋದರೆ ಸಾಲದು.

ಹೀಗಾಗಿ ಮುಕ್ಕಾಲು ಗಂಟೆಯನ್ನು ಎರಡು ಪಾಲು ಮಾಡಿದೆವು. ಅರ್ಧ ಹೊತ್ತು ಪರದೆ, ಅರ್ಧ ಹೊತ್ತು ತೂಕದ ಚೀಟಿ. ಸಾಹುಕಾರರಿಂದ ಖಾಲಿ ಚೀಟಿಯ ಪುಸ್ತಕ ತರಿಸಿದೆವು. ಪ್ರಾಂಗಣದ ಸದ್ದನ್ನು ಅತ್ತಿಗೆಯ ಮೊಬೈಲ್‌ನಲ್ಲಿ ಅಣ್ಣನೇ ಹೋಗಿ ಮುದ್ರಿಸಿಕೊಂಡು ಬಂದರು. ನಮ್ಮ ಕೇಂದ್ರದ ಸಹಾಯಕರು ‘ಐವತ್ತೆಂಟು ಇನ್ನೂರು, ಅರವತ್ತು ನೂರು’ ಎಂದು ಕೂಗುವುದು, ರುದ್ರೇಶ್ ಬರೆಯುವುದು. ಮೊದಲು ನಿಶ್ಶಬ್ದದಲ್ಲಿ, ಆಮೇಲೆ ಸಣ್ಣ ಸದ್ದಿನಲ್ಲಿ, ಕೊನೆಗೆ ಪೂರ್ಣ ಗದ್ದಲದಲ್ಲಿ.

ಇಲ್ಲಿ ಹುಟ್ಟಿದ ಉಪಾಯಗಳು ರುದ್ರೇಶ್ ಅವರವೇ. ಕೇಳಿದ ಅಂಕಿಯನ್ನು ತಾನೂ ಗಟ್ಟಿಯಾಗಿ ಒಮ್ಮೆ ಕೂಗಿ ಆಮೇಲೆ ಬರೆಯುವುದು. ಎಡಗೈ ಬೆರಳನ್ನು ಸಾಲಿನ ಮೇಲೆ ಇಟ್ಟುಕೊಂಡೇ ಇರುವುದು. ಐದು ಚೀಲಕ್ಕೊಂದು ಗೆರೆ ಎಳೆದು, ಗೆರೆ ಎಳೆಯುವಾಗ ಹಮಾಲರೊಂದಿಗೆ ಎಣಿಕೆ ಹೊಂದಿಸಿಕೊಳ್ಳುವುದು. ತನ್ನನ್ನು ತಾನೇ ಮಾತಿನಲ್ಲಿ ನಡೆಸಿಕೊಳ್ಳುವ ಈ ವಿಧಾನವನ್ನು ನಾವು ಪರದೆಯ ಅಭ್ಯಾಸದಲ್ಲೂ ಕಲಿಸಿದ್ದೆವು. ಮಂಡಿಯಲ್ಲಿ ಅದರ ಇನ್ನೊಂದು ಅನುಕೂಲ ಕಂಡಿತು: ಎಲ್ಲರೂ ಕೂಗುವ ಜಾಗದಲ್ಲಿ ಅಂಕಿ ಕೂಗುವವನು ಯಾರಿಗೂ ವಿಚಿತ್ರವಾಗಿ ಕಾಣುವುದಿಲ್ಲ. ಉಪಾಯ ನಾಚಿಕೆ ತಂದರೆ ಯಾರೂ ಅದನ್ನು ಬಳಸುವುದಿಲ್ಲ.

ಮರಳಿ ಯಾವಾಗ ಸೇರಬೇಕು ಎಂಬುದರ ಬಗ್ಗೆ ಬಹಳ ಚರ್ಚೆಯಾಯಿತು. ತಂದೆಗೆ ಅವಸರವಿತ್ತು. ಹಂಗಾಮಿನಲ್ಲಿ ಕೂಲಿ ಹೆಚ್ಚು, ಆಗಲೇ ಸೇರಲಿ ಎಂದರು. ನಾನು ಒಪ್ಪಲಿಲ್ಲ. ಬೇಸಿಗೆ ಭತ್ತದ ಆವಕ ಮುಗಿದು, ಹೊಸ ಮೆಕ್ಕೆಜೋಳ ಬರುವ ಮುನ್ನ ಪ್ರಾಂಗಣ ಸ್ವಲ್ಪ ತಣ್ಣಗಿರುವ ಮಳೆಗಾಲದ ತಿಂಗಳುಗಳಲ್ಲಿ, ಅರ್ಧ ದಿನ, ಬೆಳಗಿನ ಹೊತ್ತು ಮಾತ್ರ ಎಂದು ಸಾಹುಕಾರರೊಂದಿಗೆ ಮಾತಾಯಿತು. ಅರ್ಧ ಸಂಬಳ. ಚೀಟಿ ಬರೆಯುವಾಗ ಫೋನ್ ಎತ್ತುವ ಕೆಲಸ ಕೊಡಬಾರದು ಎಂಬುದು ಒಂದೇ ಷರತ್ತು. ಹಮಾಲರಿಗೆ ಕಾಯಿಲೆಯ ವಿಷಯ ಹೇಳಬೇಕೇ ಬೇಡವೇ ಎಂಬುದನ್ನು ರುದ್ರೇಶ್ ಅವರಿಗೇ ಬಿಟ್ಟೆವು. ಬೇಡ ಎಂದರು. ಅದು ಅವರ ಹಕ್ಕು.

ಹಂಗಾಮು ಬಂದಾಗ

ಮಳೆಗಾಲದ ತಿಂಗಳುಗಳು ಸುಸೂತ್ರವಾಗಿ ಕಳೆದವು. ಅಕ್ಟೋಬರ್‌ನಲ್ಲಿ ಮೆಕ್ಕೆಜೋಳದ ಲಾರಿಗಳು ಸಾಲುಗಟ್ಟಿದಾಗ ಅಂಗಡಿಯಲ್ಲಿ ಕೈ ಸಾಲದೆ, ಷರತ್ತು ಮರೆತು ಅವರಿಗೆ ಫೋನನ್ನೂ ಕೊಟ್ಟರು. ಎರಡನೆಯ ದಿನವೇ ಚೀಟಿಯಲ್ಲಿ ತಪ್ಪುಗಳು ಕಂಡವು. ಹಿಂದಿನ ಸಲ ಇಂಥದ್ದೇ ಹೊತ್ತಿನಲ್ಲಿ ರುದ್ರೇಶ್ ಪೆನ್ನು ಇಟ್ಟು ಮನೆಗೆ ನಡೆದಿದ್ದರು. ಈ ಸಲ ಸಾಹುಕಾರರ ಬಳಿ ಹೋಗಿ ಹೇಳಿದರು: ‘ಅಣ್ಣಾವ್ರೇ, ಎರಡನ್ನೂ ಒಟ್ಟಿಗೆ ಮಾಡಲು ನನ್ನಿಂದ ಆಗುವುದಿಲ್ಲ. ಚೀಟಿ ಒಂದನ್ನೇ ಕೊಡಿ, ತಪ್ಪಿಲ್ಲದೆ ಮಾಡಿಕೊಡುತ್ತೇನೆ.’ ಫೋನ್ ಬೇರೆಯವರ ಕೈಗೆ ಹೋಯಿತು.

ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಆ ಒಂದು ಮಾತು. ಎರಡು ಕೆಲಸಕ್ಕೆ ಏಕಕಾಲದಲ್ಲಿ ಗಮನ ಹಂಚುವ ಪರೀಕ್ಷೆಯಲ್ಲಿ ಅವರು ಕೊನೆಯವರೆಗೂ ದುರ್ಬಲರಾಗಿಯೇ ಉಳಿದಿದ್ದರು. ಆದರೆ ಎಲ್ಲಿ ಸೋಲುತ್ತೇನೆ ಎಂಬುದನ್ನು ಪೂರ್ತಿ ಸೋಲುವ ಮೊದಲೇ ಗುರುತಿಸಿ, ಬೇಕಾದ ಬದಲಾವಣೆಯನ್ನು ಬಾಯಿ ಬಿಟ್ಟು ಕೇಳಿದರು. ತಿಂಗಳುಗಟ್ಟಲೆ ಪ್ರತಿ ಅಭ್ಯಾಸದ ಕೊನೆಗೆ ‘ಎಲ್ಲಿ ಜಾರಿತು, ಯಾಕೆ ಜಾರಿತು’ ಎಂದು ಅವರೊಂದಿಗೆ ಕೂತು ಮಾತಾಡಿದ ಹೊತ್ತಿನಿಂದ ಬಂದದ್ದು ಇದು ಎಂದು ನಾನು ನಂಬುತ್ತೇನೆ. ಆ ಮಾತುಕತೆಯನ್ನು ಯಾವ ತಂತ್ರಾಂಶವೂ ತಾನಾಗಿ ಮಾಡುವುದಿಲ್ಲ.

ತರಬೇತಿ ಮುಗಿದು ಆರು ತಿಂಗಳಿಗೆ ಮತ್ತೆ ಅಳೆದೆವು. ಅಂಕಿಗಳನ್ನು ಹಿಂದುಮುಂದಾಗಿ ಹೇಳುವುದು ಮೂರರಿಂದ ನಾಲ್ಕಕ್ಕೆ ಬಂದು ನಿಂತಿತ್ತು. ಗಮನವನ್ನು ಬಹಳ ಹೊತ್ತು ಹಿಡಿದಿಡುವ ಪರೀಕ್ಷೆಯಲ್ಲಿ ತಪ್ಪಿಹೋಗುವುದು ಸುಮಾರು ಅರ್ಧಕ್ಕೆ ಇಳಿದಿತ್ತು, ರೇಡಿಯೊ ಸದ್ದಿನಲ್ಲೂ ಕೂಡ. ಕೇಳಿದ ಪದಗಳನ್ನು ಸ್ವಲ್ಪ ಹೊತ್ತಿನ ನಂತರ ನೆನಪಿಸಿಕೊಳ್ಳುವುದರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಸಂತೆಯ ಸಾಮಾನಿನ ಪಟ್ಟಿಯನ್ನು ಅವರು ಈಗಲೂ ಕೈಮೇಲೆ ಬರೆದುಕೊಂಡು ಹೋಗುತ್ತಾರೆ. ಕೆಲಸ ಅರ್ಧ ದಿನದ್ದೇ ಉಳಿದಿದೆ. ಮನೆಗೆ ಸಂಬಳ ತಂದುಕೊಡುತ್ತಾರೆ. ತಂದೆ ಮೈಗಳ್ಳ ಎಂಬ ಮಾತನ್ನು ಬಿಟ್ಟಿದ್ದಾರೆ ಎಂದು ಅತ್ತಿಗೆ ಹೇಳಿದರು.

ಇದನ್ನು ಓದಿ ತಾಲ್ಲೂಕು ಆಸ್ಪತ್ರೆಗಳಲ್ಲಿ, ಸಣ್ಣ ಕೇಂದ್ರಗಳಲ್ಲಿ ಕೆಲಸ ಮಾಡುವವರು ಕಂಪ್ಯೂಟರ್ ಇಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕಾಗದ, ಪೆನ್ಸಿಲಿನ ಅಭ್ಯಾಸಗಳನ್ನು ಮನೆಯಲ್ಲೇ ಮಾಡಿಸುವ ಕ್ರಮವನ್ನೂ ಪ್ರಯೋಗಿಸಿ ನೋಡಿದ್ದಾರೆ. ಪತ್ರಿಕೆಯ ಒಂದು ಅಂಕಣದಲ್ಲಿ ‘ಕ’ ಅಕ್ಷರಗಳನ್ನೆಲ್ಲ ಹೊಡೆದುಹಾಕುವುದು, ಅಕ್ಕಿ ಬೇಳೆ ಬೇರ್ಪಡಿಸುವುದು ಕೂಡ ಗಮನಕ್ಕೆ ಕಸರತ್ತೇ. ಯಂತ್ರದ ಲಾಭವೆಂದರೆ ಕಷ್ಟವನ್ನು ಸೂಕ್ಷ್ಮವಾಗಿ ಏರಿಸಿ ಇಳಿಸಬಹುದು, ತಪ್ಪಿನ ಲೆಕ್ಕ ತಾನಾಗಿ ಸಿಗುತ್ತದೆ, ತಪ್ಪು ತೋರಿಸುವಾಗ ಯಂತ್ರ ಮುಖ ಸಿಂಡರಿಸುವುದಿಲ್ಲ. ಕೊನೆಯದು ಸಣ್ಣ ಲಾಭವಲ್ಲ. ಆದರೆ ಆ ಮನುಷ್ಯ ಯಾವ ಕೆಲಸಕ್ಕೆ ಮರಳಬೇಕಾಗಿದೆ ಎಂಬುದನ್ನು ಮೊದಲೇ ಕೇಳಿ, ಅದರ ಸಾಮಗ್ರಿಯನ್ನೇ ಕೋಣೆಗೆ ತನ್ನಿ. ಟೈಲರ್ ಆದರೆ ಅಳತೆ ಪುಸ್ತಕ, ಮಂಡಕ್ಕಿ ಭಟ್ಟಿಯವರಾದರೆ ಹುರಿಯುವ ಹದದ ಹೊತ್ತು, ಮನೆವಾರ್ತೆ ನೋಡುವವರಾದರೆ ಒಲೆಯ ಮೇಲಿನ ಹಾಲು.

ರುದ್ರೇಶ್ ಅವರ ಅಂಗಡಿಯಲ್ಲಿ ಮುಂದಿನ ಹಂಗಾಮಿನಿಂದ ಚೀಟಿಯ ಬದಲು ತೂಕವನ್ನು ನೇರವಾಗಿ ಕಂಪ್ಯೂಟರಿಗೆ ಸೇರಿಸುವ ಯೋಚನೆ ಇದೆಯಂತೆ. ಬೆರಳಿಡಲು ಅಲ್ಲಿ ಕಾಗದದ ಸಾಲು ಇರುವುದಿಲ್ಲ, ಐದಕ್ಕೊಂದು ಗೆರೆ ಎಳೆಯಲು ಆಗುವುದಿಲ್ಲ. ಸುದ್ದಿ ಕೇಳಿದ ವಾರವೇ ಅವರು ಕೇಂದ್ರಕ್ಕೆ ಬಂದರು. ಅಂಗಡಿಯವರು ತೋರಿಸಿದ ನಮೂನೆಯನ್ನು ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಹೋಲುವಂತೆ ಹಾಕಿಕೊಂಡು, ಶನಿವಾರಗಳಂದು ಅದರ ಮೇಲೆಯೇ ಅಭ್ಯಾಸ ನಡೆಸಿದ್ದೇವೆ. ಐದು ಸಾಲಿಗೊಮ್ಮೆ ಪರದೆಯ ಬಣ್ಣ ಬದಲಾಗುವಂತೆ ಮಾಡಬಹುದೇ ಎಂದು ಅವರು ಕೇಳಿದ್ದಾರೆ. ಮಾಡುತ್ತಿದ್ದೇವೆ.